2015ರ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದೋ, ಹೊಸದನ್ನೇ ಕೊಳ್ಳುವುದೋ?

ಹಳೇ ಸ್ಟುಡಿಯೋ, ಮಂಡ್ಯ:
ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಸಣ್ಣ ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಮದುವೆ, ನಾಮಕರಣ, ಗೃಹಪ್ರವೇಶ, ಊರಹಬ್ಬ, ಯಾವುದಕ್ಕೆ ಕರೆದರೂ ಹೋಗುತ್ತೇನೆ. 2015ರಲ್ಲಿ ಕೊಂಡ ಕಂಪ್ಯೂಟರ್‌ನಲ್ಲೇ ಇಂದಿಗೂ ಎಡಿಟಿಂಗ್: ಐ5-4590 ಪ್ರೊಸೆಸರ್, ಎಚ್81 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೋದ ವರ್ಷ ಸಾಲ ಮಾಡಿ ಹೊಸ ಕ್ಯಾಮೆರಾ ತಂದೆ. ಅಲ್ಲಿಂದ ತಾಪತ್ರಯ ಶುರು. 4ಕೆ ಕ್ಲಿಪ್ ಎಳೆದು ಟೈಮ್‌ಲೈನ್‌ನಲ್ಲಿಟ್ಟು ಪ್ಲೇ ಒತ್ತಿದರೆ ತಾಳಿ ಹಿಡಿದ ಕೈ ಅರ್ಧದಲ್ಲೇ ನಿಂತಿರುತ್ತದೆ, ಗಟ್ಟಿಮೇಳದ ಸದ್ದು ಮಾತ್ರ ಮುಂದಕ್ಕೆ ಹೋಗುತ್ತಿರುತ್ತದೆ. ಎಲ್ಲಿ ಕತ್ತರಿಸಬೇಕೆಂದೇ ತಿಳಿಯುವುದಿಲ್ಲ.

ಕೈಯಲ್ಲಿ 15,000 ರೂಪಾಯಿ ಇದೆ. ಆಷಾಢದಲ್ಲಿ ಮದುವೆಗಳಿರುವುದಿಲ್ಲ, ಅಷ್ಟರೊಳಗೆ ಸರಿಮಾಡಿಕೊಳ್ಳಬೇಕು. ಶ್ರಾವಣಕ್ಕೆ ಮೂರು ಮದುವೆ ಒಪ್ಪಿಕೊಂಡಿದ್ದೇನೆ. ಗ್ರಾಫಿಕ್ಸ್ ಕಾರ್ಡ್ ಹಾಕಿಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಪಾಂಡವಪುರದ ಹುಡುಗ:
ಅಣ್ಣ, ಯೋಚನೆಯೇ ಬೇಡ, ಹಾಕಿಸಿ. ನನ್ನದೂ ನಾಲ್ಕನೇ ತಲೆಮಾರಿನ ಐ5. ಕಾಲೇಜಿನ ಪ್ರಾಜೆಕ್ಟ್‌ಗೆ ಬ್ಲೆಂಡರ್ ಎಂಬ 3ಡಿ ತಂತ್ರಾಂಶ ಕಲಿಯುತ್ತಿದ್ದೆ. ಒಂದು ಚಿತ್ರ ರೆಂಡರ್ ಆಗಲು ಹನ್ನೊಂದು ನಿಮಿಷ ಹಿಡಿಯುತ್ತಿತ್ತು. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ಹಾಕಿದ ಮೇಲೆ ಅದೇ ಚಿತ್ರ ಎರಡೂವರೆ ನಿಮಿಷಕ್ಕೆ ಮುಗಿಯಿತು. ನಾಲ್ಕು ಜಿಬಿ ಮೆಮೊರಿಯ ಕಾರ್ಡ್, 75 ವ್ಯಾಟ್ ಸಾಕು. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಬೆಸುಗೆ, ಮೈಸೂರು:
ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ, ಆ ಅನುಭವದ ಮೇಲೆ ಹೇಳುತ್ತೇನೆ. ಕಾರ್ಡ್ ಯಾವುದು ಎನ್ನುವುದು ಕೊನೆಯ ಪ್ರಶ್ನೆ. ಮೊದಲು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ) ಮೇಲಿನ ಚೀಟಿ ಓದಿ. ದೊಡ್ಡದಾಗಿ ಬರೆದ 450 ವ್ಯಾಟ್ ಎಂಬುದನ್ನು ನಂಬಬೇಡಿ. ಅದರ ಕೆಳಗೆ 12 ವೋಲ್ಟ್‌ನ ಸಾಲಿನಲ್ಲಿ ಎಷ್ಟು ಆಂಪಿಯರ್ ಎಂದಿದೆ, ಅದನ್ನು ಹನ್ನೆರಡರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ತಿನ್ನುವುದು ಆ ಸಾಲಿನ ಅನ್ನವನ್ನೇ.

ಇನ್ನೊಂದು ಮಾತು. ಬೋರ್ಡ್‌ನಲ್ಲಿ ಕಾರ್ಡ್ ಕೂರುವ ಸ್ಲಾಟ್‌ನಿಂದ ಸಿಗುವುದು ಗರಿಷ್ಠ 75 ವ್ಯಾಟ್. 1650ರಲ್ಲಿ ಸ್ಲಾಟ್‌ನಿಂದಲೇ ನಡೆಯುವ ಮಾದರಿಗಳಿವೆ, ಆರು ಪಿನ್ನಿನ ಪ್ರತ್ಯೇಕ ವೈರ್ ಬೇಡುವ ಮಾದರಿಗಳೂ ಇವೆ. ಹಳೆಯ ಎಸ್‌ಎಂಪಿಎಸ್‌ನಲ್ಲಿ ಆ ವೈರ್ ಇರುವುದಿಲ್ಲ. ಆಗ ಅಂಗಡಿಯವರು ಹಾರ್ಡ್ ಡಿಸ್ಕ್‌ನ ಸಾಟಾ ವೈರಿಗೆ ಸಿಕ್ಕಿಸುವ ಕನ್ವರ್ಟರ್ ಕೊಟ್ಟು ಕಳುಹಿಸುತ್ತಾರೆ. ಸಾಟಾ ಪ್ಲಗ್ಗಿನಲ್ಲಿ 12 ವೋಲ್ಟ್‌ಗೆ ಇರುವುದು ಮೂರೇ ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್. ಒಟ್ಟು 54 ವ್ಯಾಟ್. ಅದರಿಂದ 75 ಎಳೆದರೆ ಏನಾಗುತ್ತದೆ? ಹೋದ ತಿಂಗಳು ನನ್ನ ಮೇಜಿಗೆ ಬಂದ ಒಂದು ಯಂತ್ರದಲ್ಲಿ ಆ ಪ್ಲಗ್ ಕರಗಿ ಬೆಲ್ಲದ ಪಾಕದ ಹಾಗೆ ಹಾರ್ಡ್ ಡಿಸ್ಕ್‌ಗೆ ಅಂಟಿಕೊಂಡಿತ್ತು. ಡಿಸ್ಕ್‌ನಲ್ಲಿ ಒಂದು ಕುಟುಂಬದ ಹದಿನೈದು ವರ್ಷದ ಫೋಟೋಗಳಿದ್ದವು. ಅರ್ಧ ಮಾತ್ರ ಉಳಿಸಿಕೊಡಲು ಸಾಧ್ಯವಾಯಿತು.

ಸರಸ್ವತಿಪುರಂ ನಿವಾಸಿ:
ಇಬ್ಬರ ಮಾತೂ ಸರಿ, ಆದರೆ ಈ ಯಂತ್ರಕ್ಕೆ ದುಡ್ಡು ಹಾಕುವುದೇ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಎಚ್81 ಬೋರ್ಡ್‌ನ ಗ್ರಾಫಿಕ್ಸ್ ಸ್ಲಾಟ್ ಪಿಸಿಐ ಎಕ್ಸ್‌ಪ್ರೆಸ್ 2.0, ಅಂದರೆ ಹಳೆಯ ವೇಗದ್ದು ಮಾತ್ರ, ಪ್ರೊಸೆಸರ್‌ಗೆ 3.0ರ ಶಕ್ತಿ ಇದ್ದರೂ ಬೋರ್ಡ್ ಬಿಡುವುದಿಲ್ಲ. ಗ್ರಾಹಕರ ಮದುವೆಯ ವಿಡಿಯೋ ಇಟ್ಟುಕೊಂಡು, ಅದೇ ಯಂತ್ರದಲ್ಲಿ ಇಂಟರ್ನೆಟ್ ಬಳಸಿಕೊಂಡು, ಭದ್ರತೆಯ ಅಪ್‌ಡೇಟ್ ಇಲ್ಲದೆ ಎಷ್ಟು ದಿನ ನಡೆಸುತ್ತೀರಿ? 15,000ವನ್ನು ಹಾಗೇ ಇಟ್ಟು, ಇನ್ನಷ್ಟು ಸೇರಿಸಿ, ಹೊಸದು ಮಾಡಿಸಿ.

ಪಾಂಡವಪುರದ ಹುಡುಗ:
ಸರ್, ಇನ್ನಷ್ಟು ಸೇರಿಸಿ ಎನ್ನುವುದು ಸುಲಭ. ಅವರು ಈಗಾಗಲೇ ಕ್ಯಾಮೆರಾಗೆ ಸಾಲ ಮಾಡಿದ್ದಾರೆ. ರ‍್ಯಾಮ್ ಬೆಲೆ ಏರಿರುವ ಈ ಹೊತ್ತಿನಲ್ಲಿ ಹೊಸ ಯಂತ್ರ ಮಾಡಿಸಿ ಎಂದರೆ ಹೇಗೆ? 1650 ಬೇಡವಾದರೆ ಆರ್‌ಎಕ್ಸ್ 6400 ಇದೆ. ಅದಕ್ಕೆ 53 ವ್ಯಾಟ್ ಸಾಕು, ಹಳೆಯ ಎಸ್‌ಎಂಪಿಎಸ್‌ಗೂ ಭಾರವಾಗುವುದಿಲ್ಲ.

ಸರಸ್ವತಿಪುರಂ ನಿವಾಸಿ:
ಆರ್‌ಎಕ್ಸ್ 6400 ಮಾತ್ರ ಖಂಡಿತ ಬೇಡ. ಅದು ಬಳಸುವುದು ನಾಲ್ಕೇ ಲೇನ್, ಅಂದರೆ ಡೇಟಾ ಓಡಾಡುವ ದಾರಿ. 4.0 ಸ್ಲಾಟ್‌ನಲ್ಲಿ ನಾಲ್ಕು ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ. ಇವರ 2.0 ಸ್ಲಾಟ್‌ನಲ್ಲಿ ಅದೇ ನಾಲ್ಕು ಲೇನ್ 2 ಜಿಬಿಗೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಾರ್ಡ್‌ನಲ್ಲಿ ವಿಡಿಯೋ ಎನ್‌ಕೋಡರ್ (ಮುಗಿದ ವಿಡಿಯೋವನ್ನು ಕುಗ್ಗಿಸಿ ಫೈಲ್ ಮಾಡುವ ಭಾಗ) ಇಲ್ಲವೇ ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಪೂರ್ತಿ ಹೊರೆ ಮತ್ತೆ ಪ್ರೊಸೆಸರ್ ಮೇಲೆ. ವಿಡಿಯೋ ಕೆಲಸದವರಿಗೆ ಅದನ್ನು ಹೇಳಬಾರದು ತಮ್ಮಾ.

ಪಾಂಡವಪುರದ ಹುಡುಗ:
ಎನ್‌ಕೋಡರ್ ಇಲ್ಲ ಎನ್ನುವುದು ನನಗೆ ಗೊತ್ತಿರಲಿಲ್ಲ. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 1650 ಮಾತು ಹಾಗೇ ಇರಲಿ. ಅದು ಹದಿನಾರು ಲೇನ್‌ನ ಕಾರ್ಡ್, 2.0 ಸ್ಲಾಟ್‌ನಲ್ಲೂ 8 ಜಿಬಿ ಸಿಗುತ್ತದೆ.

ಕುಕ್ಕರಹಳ್ಳಿ:
ನಾನು ಮೈಸೂರಿನಲ್ಲಿ ಎಡಿಟಿಂಗ್ ಮಾಡಿಯೇ ಜೀವನ ನಡೆಸುವವಳು. ಇಷ್ಟು ಹೊತ್ತು ಎಲ್ಲರೂ ಕಾರ್ಡ್ ಬಗ್ಗೆ ಮಾತಾಡಿದಿರಿ, ಕ್ಯಾಮೆರಾ ಯಾವ ರೂಪದಲ್ಲಿ ರೆಕಾರ್ಡ್ ಮಾಡುತ್ತಿದೆ ಎಂದು ಯಾರೂ ಕೇಳಲಿಲ್ಲ. ಅಣ್ಣ, ಕ್ಯಾಮೆರಾದ ಮೆನು ತೆರೆದು ನೋಡಿ: ವಿಡಿಯೋ ಕುಗ್ಗಿಸುವ ವಿಧಾನ ಎಚ್.264 ಅಥವಾ ಎಚ್.265, ಬಣ್ಣದ ಸೂಕ್ಷ್ಮತೆ 8 ಬಿಟ್ ಅಥವಾ 10 ಬಿಟ್, ಬಣ್ಣದ ವಿವರ ಎಷ್ಟು ಉಳಿಸಿದೆ ಎನ್ನುವ 4:2:0 ಅಥವಾ 4:2:2. ಈ ಮೂರನ್ನು ಇಲ್ಲಿ ಬರೆಯಿರಿ. ನಿಮ್ಮ ಹಣ ಎಲ್ಲಿ ಹೋಗಬೇಕು ಎನ್ನುವುದು ಅದರಲ್ಲೇ ಇದೆ.

ಹಳೇ ಸ್ಟುಡಿಯೋ, ಮಂಡ್ಯ:
ಎಲ್ಲರಿಗೂ ಧನ್ಯವಾದಗಳು. ಇಂದು ಕ್ಯಾಬಿನೆಟ್ ಬಿಚ್ಚಿದೆ. ನಮ್ಮ ಬೀದಿಯ ಹಿಂದೆ ಆಲೆಮನೆ ಇದೆ, ಕಬ್ಬಿನ ಸಿಪ್ಪೆ ಉರಿದ ಬೂದಿ ಗಾಳಿಯಲ್ಲಿ ಬರುತ್ತದೆ. ಪ್ರೊಸೆಸರ್ ಫ್ಯಾನಿನ ಕೆಳಗೆ ಅದು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಬ್ರಷ್ ಹಿಡಿದು ಒಂದು ಗಂಟೆ ಕೂತೆ. ಎಸ್‌ಎಂಪಿಎಸ್ ಚೀಟಿಯಲ್ಲಿ 450 ವ್ಯಾಟ್ ಎಂದಿದೆ, 12 ವೋಲ್ಟ್ ಸಾಲಿನಲ್ಲಿ 16 ಆಂಪಿಯರ್. ಕ್ಯಾಮೆರಾ ಎಚ್.265, 10 ಬಿಟ್, 4:2:2. ಅದೇ ಅತ್ಯುತ್ತಮ ಎಂದು ಕೊಂಡಾಗ ಹೇಳಿದ್ದರು, ಹಾಗೇ ಬಿಟ್ಟಿದ್ದೆ.

ಜೊತೆಗೆ ಒಂದು ಸಂತೋಷದ ಸುದ್ದಿ. ಮಂಡ್ಯದಲ್ಲೇ ಒಬ್ಬರು ಜಿಟಿಎಕ್ಸ್ 1050 ಟಿಐ ಕಾರ್ಡನ್ನು 4,000ಕ್ಕೆ ಕೊಡುತ್ತೇನೆ ಎಂದಿದ್ದಾರೆ. ಪಿನ್ ವೈರ್ ಬೇಡವಂತೆ. ನನ್ನ ಹಳೆಯ ಮಾನಿಟರ್‌ಗೆ ನೀಲಿ ಬಣ್ಣದ ವಿಜಿಎ ಕೇಬಲ್ ಮಾತ್ರ ಹಾಕಬಹುದು; ಆ ಕಾರ್ಡ್‌ನಲ್ಲಿ ಅದೇ ನೀಲಿ ಪೋರ್ಟ್ ಕೂಡ ಇದೆ. ನಾಳೆ ತರೋಣ ಎಂದಿದ್ದೇನೆ.

ಬೆಸುಗೆ, ಮೈಸೂರು:
ದಯವಿಟ್ಟು ತರಬೇಡಿ! ಮುಂಗಡ ಕೊಟ್ಟಿಲ್ಲ ತಾನೇ? ಎನ್‌ವಿಡಿಯಾ 10ರ ಸರಣಿಯಿಂದ ಅನಲಾಗ್ ಸಿಗ್ನಲ್ ಅನ್ನೇ ತೆಗೆದುಹಾಕಿತು. ಅಸಲಿ 1050 ಟಿಐಗೆ ವಿಜಿಎ ಪೋರ್ಟ್ ಇರಲು ಸಾಧ್ಯವಿಲ್ಲ. ಅದು 2010ರ ಸುಮಾರಿನ ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐ ಇರಬೇಕು. ಕಾರ್ಡ್‌ನೊಳಗಿನ ಬಯಾಸ್ ಎಂಬ ತಂತ್ರಾಂಶ ಬದಲಿಸಿ ಹೊಸ ಹೆಸರು ಕೊಟ್ಟಿರುತ್ತಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ, ಇಂಥ ಕಾರ್ಡ್‌ಗಳ ಹೆಸರಿನ ಮುಂದೆ ನಕಲಿ ಎಂದು ತೋರಿಸುತ್ತದೆ. ಮಾರುವವರಿಗೂ ತಿಳಿಯದೆ ಇರಬಹುದು, ಜಗಳಕ್ಕೆ ಹೋಗಬೇಡಿ. ಬೇಡ ಎಂದು ಹೇಳಿ ಬಿಡಿ.

ಇನ್ನು ನಿಮ್ಮ ಚೀಟಿ. ಹದಿನಾರು ಗುಣಿಸು ಹನ್ನೆರಡು, 192 ವ್ಯಾಟ್. ಪ್ರೊಸೆಸರ್ 84, ಕಾರ್ಡ್ 75, ಡಿಸ್ಕ್ ಮತ್ತು ಫ್ಯಾನ್ ಸೇರಿಸಿದರೆ ಅಂಚಿಗೆ ಬಂದು ನಿಲ್ಲುತ್ತದೆ. ಹನ್ನೊಂದು ವರ್ಷ ದುಡಿದ ಎಸ್‌ಎಂಪಿಎಸ್ ಮೇಲೆ ಆ ಭಾರ ಹೊರಿಸಲು ನಾನು ಒಪ್ಪುವುದಿಲ್ಲ.

ಕುಕ್ಕರಹಳ್ಳಿ:
4:2:2 ಎಂದು ಓದಿದ ತಕ್ಷಣ ವಿಷಯ ತಿಳಿಯಿತು. ಎನ್‌ವಿಡಿಯಾದಲ್ಲಿ 4:2:2 ವಿಡಿಯೋವನ್ನು ಕಾರ್ಡೇ ಬಿಡಿಸುವ (ಕುಗ್ಗಿಸಿದ ಫೈಲ್ ಅನ್ನು ಮತ್ತೆ ಚಿತ್ರವಾಗಿಸುವ) ವ್ಯವಸ್ಥೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. 1050 ಆಗಲಿ, 1650 ಆಗಲಿ, ಅದನ್ನು ಮುಟ್ಟುವುದಿಲ್ಲ. ನೀವು 1650 ಹಾಕಿಸಿದ್ದರೂ ತಾಳಿ ಕಟ್ಟುವ ಕೈ ಅಲ್ಲೇ ನಿಂತಿರುತ್ತಿತ್ತು. ಇಂಟೆಲ್‌ನ ಆರ್ಕ್ ಎ380 ಬಿಡಿಸುತ್ತದೆ. ಆದರೆ ಅದು ರಿಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನು ಪೂರ್ತಿಯಾಗಿ ಒಟ್ಟಿಗೆ ತಲುಪುವ ಸೌಲಭ್ಯ) ಇರುವ ಹೊಸ ಬೋರ್ಡ್‌ಗಳಿಗೆಂದು ಮಾಡಿದ್ದು, ಎಚ್81ರಲ್ಲಿ ಒದ್ದಾಡುತ್ತದೆ.

ಹಾಗಾದರೆ ದಾರಿ ಏನು? ಪ್ರಾಕ್ಸಿ. ಮೂಲ ಕ್ಲಿಪ್‌ಗಳಿಂದ 720 ಅಳತೆಯ ಹಗುರ ಪ್ರತಿಗಳನ್ನು ಸಾಫ್ಟ್‌ವೇರ್‌ನಿಂದಲೇ ಮಾಡಿಸಿ, ಕತ್ತರಿಸುವ ಕೆಲಸವೆಲ್ಲ ಅದರಲ್ಲಿ ಮುಗಿಸಿ. ಎಕ್ಸ್‌ಪೋರ್ಟ್ ಮಾಡುವಾಗ ಅದು ತಾನಾಗಿ ಮೂಲ ಕ್ಲಿಪ್ ಹಿಡಿಯುತ್ತದೆ. ಗುಣಮಟ್ಟದಲ್ಲಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ನಾನು ಐದು ವರ್ಷ ಹೀಗೇ ಕೆಲಸ ಮಾಡಿದ್ದೇನೆ. ಮುಂದಿನ ಮದುವೆಗಳನ್ನು 8 ಬಿಟ್ 4:2:0ನಲ್ಲಿ ತೆಗೆಯಿರಿ. ಛತ್ರದ ಬೆಳಕಿನಲ್ಲಿ ಬಣ್ಣ ಸರಿಯಾಗಿ ಹಿಡಿದಿದ್ದರೆ ಮನೆಯವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಪಾಂಡವಪುರದ ಹುಡುಗ:
ಅಕ್ಕ, ಪ್ರಾಕ್ಸಿ ಒಪ್ಪುತ್ತೇನೆ. ಆದರೆ ಬಣ್ಣದ ಕೆಲಸ, ಕತ್ತಲೆಯ ದೃಶ್ಯದ ಕಾಳು ಕಾಳು ತೆಗೆಯುವುದು, ಇವೆಲ್ಲ ಕಾರ್ಡ್ ಮೇಲೆಯೇ ನಡೆಯುವುದಲ್ಲವೇ? ಡವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶವಂತೂ ಕಾರ್ಡ್ ಇಲ್ಲದೆ ಹೆಜ್ಜೆ ಇಡುವುದಿಲ್ಲ. ಅದನ್ನು ಬಿಟ್ಟು ಕಾರ್ಡೇ ಬೇಡ ಎಂದುಬಿಟ್ಟರೆ ಅನ್ಯಾಯ.

ಕುಕ್ಕರಹಳ್ಳಿ:
ನಿನ್ನ ಮಾತು ನಿಜ, ಅದನ್ನು ನಾನು ಬಿಟ್ಟಿದ್ದೆ. ಬಣ್ಣಕ್ಕೆ ಕಾರ್ಡ್ ಬೇಕೇ ಬೇಕು. ಆದರೆ ಅಣ್ಣನವರ ಇಂದಿನ ನೋವು ಬಣ್ಣದ್ದಲ್ಲ, ಪ್ಲೇ ಆಗದೆ ಇರುವುದು. ನೋವು ಇರುವ ಕಡೆ ಮೊದಲು ಮದ್ದು ಹಚ್ಚಬೇಕು.

ಸರಸ್ವತಿಪುರಂ ನಿವಾಸಿ:
ನನ್ನ ಮಾತಿಗೆ ಇನ್ನೊಂದು ಬಲ ಸಿಕ್ಕಿತು. ಇಂಟೆಲ್‌ನ 12ನೇ ತಲೆಮಾರಿನ ಐ3-12100 ಪ್ರೊಸೆಸರ್‌ನ ಒಳಗಿನ ಗ್ರಾಫಿಕ್ಸ್ ಇದೇ ಎಚ್.265 4:2:2 ಅನ್ನು ನೇರವಾಗಿ ಬಿಡಿಸುತ್ತದೆ. ಪ್ರತ್ಯೇಕ ಕಾರ್ಡ್ ಬೇಡ. ಹೆಸರಿನ ಕೊನೆಗೆ ಎಫ್ ಇರುವುದನ್ನು ಮಾತ್ರ ತೆಗೆದುಕೊಳ್ಳಬಾರದು, ಅದರಲ್ಲಿ ಗ್ರಾಫಿಕ್ಸ್ ಇರುವುದಿಲ್ಲ.

ಬೆಸುಗೆ, ಮೈಸೂರು:
ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ಆದರೆ ಶ್ರಾವಣದ ಮೂರು ಮದುವೆ ಕಾಯುವುದಿಲ್ಲ. ಆದ್ದರಿಂದ ಈಗ ಖರ್ಚು ಮಾಡುವುದು ಮುಂದಿನ ಯಂತ್ರಕ್ಕೂ ಹೋಗುವ ಸಾಮಾನಿನ ಮೇಲೆ ಇರಲಿ. ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಡಿಸ್ಕ್) ಹೋಗುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಹೋಗುತ್ತದೆ. ಡಿಡಿಆರ್3 ರ‍್ಯಾಮ್ ಹೋಗುವುದಿಲ್ಲ, ಆದರೂ 8 ಜಿಬಿಯಲ್ಲಿ 4ಕೆ ಎಡಿಟ್ ಮಾಡುವುದು ಹಿಂಸೆ. ಹಳೆಯದೊಂದು 8 ಜಿಬಿ ಸಿಕ್ಕರೆ ಹಾಕಿ. ನಿಮ್ಮ ಬೋರ್ಡ್‌ನಲ್ಲಿ ಎರಡೇ ಸ್ಲಾಟ್, 16ರ ಮೇಲೆ ಏರುವುದಿಲ್ಲ.

ಹಳೇ ಸ್ಟುಡಿಯೋ, ಮಂಡ್ಯ:
ಆ ಕಾರ್ಡ್ ಬೇಡ ಎಂದು ಹೇಳಿದೆ. ಮುಂಗಡ ಕೊಟ್ಟಿರಲಿಲ್ಲ, ಬಚಾವಾದೆ. ನೀವು ಹೇಳದಿದ್ದರೆ ನೀಲಿ ಪೋರ್ಟ್ ಇದೆ ಎಂಬ ಖುಷಿಯಲ್ಲೇ ದುಡ್ಡು ಕೊಟ್ಟು ಬರುತ್ತಿದ್ದೆ.

ನಿನ್ನೆ ರಾತ್ರಿ ಒಂದು ಮದುವೆಯ ಎಲ್ಲ ಕ್ಲಿಪ್‌ಗಳಿಗೂ ಪ್ರಾಕ್ಸಿ ಹಚ್ಚಿ ಮಲಗಿದೆ. ಎರಡು ಗಂಟೆಗೆ ಕರೆಂಟ್ ಹೋಯಿತು, ಯುಪಿಎಸ್ ಕೂಗಿದ್ದಕ್ಕೆ ಎದ್ದೆ, ಹತ್ತು ನಿಮಿಷದಲ್ಲಿ ಬಂತು. ಬೆಳಿಗ್ಗೆ ಏಳಕ್ಕೆ ನೋಡಿದರೆ ಇನ್ನೂ ಆರು ಕ್ಲಿಪ್ ಬಾಕಿ ಇದ್ದವು. ಆದರೆ ಮುಗಿದವುಗಳಲ್ಲಿ ಧಾರೆಯ ದೃಶ್ಯ ತೆರೆದೆ: ನೀರು ಬೀಳುವುದು, ಅಪ್ಪ ಕಣ್ಣೊರೆಸಿಕೊಳ್ಳುವುದು, ಎಲ್ಲ ಎಲ್ಲಿಯೂ ನಿಲ್ಲದೆ ಓಡಿತು. ವರ್ಷವಾಗಿತ್ತು ಹಾಗೆ ನೋಡಿ.

ಎಸ್‌ಎಸ್‌ಡಿ ಮತ್ತು ರ‍್ಯಾಮ್‌ಗೆ ಮೈಸೂರಿಗೆ ಗುರುವಾರ ಬೆಳಗಿನ ರೈಲಿನಲ್ಲಿ ಬರುತ್ತೇನೆ. ಉಳಿದ ಹಣ ಹೊಸ ಯಂತ್ರದ ಲೆಕ್ಕಕ್ಕೆ. ಒಂದು ಪ್ರಶ್ನೆ ಉಳಿದಿದೆ. ಬೋರ್ಡ್‌ನಲ್ಲಿ ನಾಲ್ಕು ಸಾಟಾ ಪೋರ್ಟ್ ಕಾಣುತ್ತಿವೆ, ಎಸ್‌ಎಸ್‌ಡಿ ಯಾವುದಕ್ಕೆ ಹಾಕಿದರೂ ಆಗುತ್ತದೆಯೇ?

ಬೆಸುಗೆ, ಮೈಸೂರು:
ಇಲ್ಲ. ಎಚ್81ರಲ್ಲಿ ಎರಡು ಮಾತ್ರ 6 ಗಿಗಾಬಿಟ್‌ನವು, ಉಳಿದ ಎರಡು 3 ಗಿಗಾಬಿಟ್. ಬೋರ್ಡ್ ಮೇಲೆ ಪೋರ್ಟ್‌ನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ಟಾರ್ಚ್ ಹಾಕಿ ನೋಡಿ. ಎಸ್‌ಎಸ್‌ಡಿ 6ಕ್ಕೆ, ಹಳೆಯ ಹಾರ್ಡ್ ಡಿಸ್ಕ್ 3ಕ್ಕೆ. ಬರುವಾಗ ಹಳೆಯ ರ‍್ಯಾಮ್ ಬಿಚ್ಚಿ ಕಾಗದದಲ್ಲಿ ಸುತ್ತಿಕೊಂಡು ತನ್ನಿ, ಅದಕ್ಕೆ ಹೊಂದುವುದನ್ನೇ ಹುಡುಕೋಣ.