ವಾಕ್ಯ ಗೊತ್ತು, ಆದರೆ ಈಗ ಏನು ಮಾಡಬೇಕು?

ಪ್ರಶ್ನೆ:
ದಿನಾ ಪ್ರಾರ್ಥನೆ ಮಾಡುತ್ತೇನೆ, ಬೈಬಲ್ ವಾಕ್ಯ ಓದುತ್ತೇನೆ. ಆದರೂ ಸಣ್ಣಪುಟ್ಟ ತೀರ್ಮಾನಕ್ಕೇ ತಬ್ಬಿಬ್ಬಾಗುತ್ತೇನೆ. ಸಭೆಯ (ಚರ್ಚಿನ) ಸಹೋದರರೊಬ್ಬರು ತಮ್ಮ ಸಾಲಕ್ಕೆ ಜಾಮೀನು ಹಾಕಿ ಎಂದು ಕೇಳಿದ್ದಾರೆ. ಕೇಳುವವನಿಗೆ ಕೊಡು ಎಂದಿದ್ದಾರೆ ಯೇಸು ಸ್ವಾಮಿ. ಜಾಮೀನು ಬೇಡ ಎನ್ನುತ್ತದೆ ಬೈಬಲಿನ ಜ್ಞಾನೋಕ್ತಿ ಪುಸ್ತಕ. ಮನೆಯಲ್ಲಿ ಈ ಮಾತೆತ್ತಿದರೆ ಜಗಳ. ಇನ್ನು ಆಫೀಸಿನಲ್ಲಿ ಒಬ್ಬರು ನನ್ನ ನಂಬಿಕೆಯನ್ನು ದಿನಾ ಗೇಲಿ ಮಾಡುತ್ತಾರೆ. ಉತ್ತರ ಕೊಡಬೇಕಾ, ಸುಮ್ನಿರಬೇಕಾ? ನಿಮ್ಮ ಅನುಭವ ಹೇಳಿ.

ಉತ್ತರ 1:
ಜಾಮೀನಿನ ವಿಷಯಕ್ಕೆ ಮಾತ್ರ ಹೇಳುತ್ತೇನೆ. ನನ್ನ ಹತ್ತಿರವೂ ಬಂದಿತ್ತು. ಬೇಕಾದವರೇ, ಒಳ್ಳೆಯವರೇ. ಫಾರಂ ಟೇಬಲ್ ಮೇಲಿಟ್ಟು ಪೆನ್ನೂ ಕೊಟ್ಟರು. ನೋಡಿದರೆ ಸಾಲದ ಮೊತ್ತ ಬರೆಯುವ ಜಾಗ ಖಾಲಿ. “ಅದನ್ನು ಆಮೇಲೆ ತುಂಬುತ್ತಾರೆ ಬಿಡಿ” ಎಂದರು. ನಾನು ಪೆನ್ನು ವಾಪಸ್ ಕೊಟ್ಟೆ.

ಜ್ಞಾನೋಕ್ತಿ 6ನೇ ಅಧ್ಯಾಯ ಈ ವಿಷಯದಲ್ಲಿ ಎಷ್ಟು ಖಾರವಾಗಿದೆ ನೋಡಿ. ಜಾಮೀನಿಗೆ ಸಿಕ್ಕಿಕೊಂಡಿದ್ದರೆ ನಿದ್ದೆ ಕೂಡ ಮಾಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಂಡ ಹಾಗೆ ತಪ್ಪಿಸಿಕೋ ಎನ್ನುತ್ತದೆ. 22:27ರಲ್ಲಿ ಇನ್ನೂ ನೇರ: ತೀರಿಸಲು ನಿನ್ನ ಹತ್ತಿರ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಎಳೆದುಕೊಂಡು ಹೋಗುತ್ತಾರೆ. ಹಾಗಾಗಿ ನಾನು ಕೇಳಿಕೊಳ್ಳುವುದು ಒಂದೇ: ಅವರು ಒಂದು ಕಂತೂ ಕಟ್ಟದಿದ್ದರೆ ಪೂರ್ತಿ ಹಣ ನಾನು ಕಟ್ಟಬಲ್ಲೆನಾ?

ಇದಕ್ಕೂ ಕೇಳುವವನಿಗೆ ಕೊಡು ಎಂಬ ಮಾತಿಗೂ ಜಗಳ ಇಲ್ಲ. ಕೊಟ್ಟದ್ದು ಕೊಟ್ಟ ದಿನವೇ ಮುಗಿಯುತ್ತದೆ. ಜಾಮೀನು ಮಾತ್ರ ನಾಳೆಯ ಹಣದ ಮೇಲೆ ಹಾಕುವ ಸಹಿ, ಅದರಲ್ಲಿ ಹೆಂಡತಿ ಮಕ್ಕಳದೂ ಪಾಲಿದೆ. ಮನೆಯಲ್ಲಿ ಮಾತಾಡಿ, ನಮ್ಮ ಕೈಲಾದಷ್ಟು ಹಣ ಹಾಗೇ ಕೊಟ್ಟೆವು, ಸಾಲ ಅಂತ ಅಲ್ಲ. ಅವರು ಸ್ವಲ್ಪ ದಿನ ಮುಖ ಕೊಟ್ಟು ಮಾತಾಡಲಿಲ್ಲ. ಅದನ್ನು ಸಹಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಉತ್ತರ 2:
ಒಂದೇ ಮಾತು. “ಪ್ರಾರ್ಥನೆ ಮಾಡಿ ಹೇಳ್ತೀನಿ” ಅಂತ ತಿಂಗಳುಗಟ್ಟಲೆ ಎಳೆಯಬೇಡಿ. ಜ್ಞಾನ ಕಡಿಮೆ ಇದ್ದವನು ದೇವರನ್ನು ಕೇಳಲಿ ಎಂದು ಬೈಬಲಿನ ಯಾಕೋಬನ ಪತ್ರಿಕೆ 1:5ರಲ್ಲಿದೆ, ಸರಿ. ಆದರೆ ನಮ್ಮಲ್ಲಿ ಜಾಸ್ತಿ ಜನ ಆ ಮಾತು ಹೇಳುವುದು ಇಲ್ಲ ಅನ್ನಲು ಧೈರ್ಯ ಸಾಲದೆ. ಕಾಯುವವರಿಗೆ ಇದು ಇನ್ನೂ ಕಷ್ಟ. ಬೇರೆ ಕಡೆ ಕೇಳೋಣ ಅಂದರೆ ಅದೂ ಆಗುವುದಿಲ್ಲ.

ಉತ್ತರ 3:
ಮನೆಯ ಜಗಳಕ್ಕೆ ನಾನು ಬೈಬಲಿನ 1 ಸಮುವೇಲ 25ನೇ ಅಧ್ಯಾಯ ಓದುತ್ತೇನೆ. ನಾಬಾಲ ಎಂಬವನ ಮೇಲೆ ಸಿಟ್ಟಾದ ದಾವೀದ 400 ಜನರ ಜೊತೆ ಬರುತ್ತಿದ್ದಾನೆ. ನಾಬಾಲನ ಹೆಂಡತಿ ಅಬೀಗೈಲ್ 200 ರೊಟ್ಟಿ, ದ್ರಾಕ್ಷಾರಸ, ಕುರಿ ಮಾಂಸ ಎಲ್ಲ ಕತ್ತೆಗಳ ಮೇಲೆ ಹೇರಿಸಿಕೊಂಡು ಹೋಗಿ ಅವನನ್ನು ತಡೆಯುತ್ತಾಳೆ. ವಾಪಸ್ ಬಂದರೆ ಗಂಡ ನಾಬಾಲ ಕುಡಿದು ಮತ್ತನಾಗಿದ್ದಾನೆ. ಬೆಳಗಾಗುವ ತನಕ ಅವಳು ಒಂದು ಮಾತೂ ಆಡುವುದಿಲ್ಲ. ನನಗೆ ಹಿಡಿಸಿದ್ದು ಈ ಬೆಳಗಿನ ತನಕ ಕಾದದ್ದು. ನಮ್ಮವರು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ದುಡ್ಡಿನ ಮಾತು ತೆಗೆಯುವುದಿಲ್ಲ. ಊಟ ಆಗಲಿ, ಮಕ್ಕಳು ಮಲಗಲಿ. (ಅವಳು ಗಂಡನಿಗೆ ಹೇಳದೆಯೇ ಹೋದಳು ಅನ್ನುವುದನ್ನು ಪ್ರಸಂಗದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ, ಅಲ್ವಾ?)

ಉತ್ತರ 4:
ಆಫೀಸಿನ ಗೇಲಿಗೆ: ಜ್ಞಾನೋಕ್ತಿ 26:4 ಮೂಢನ ಮೂರ್ಖತನಕ್ಕೆ ತಕ್ಕ ಹಾಗೆ ಉತ್ತರ ಕೊಡಬೇಡ ಎನ್ನುತ್ತದೆ. ಮುಂದಿನ ವಚನವೇ ಕೊಡು ಎನ್ನುತ್ತದೆ. ಎರಡನ್ನೂ ಬೇಕೆಂದೇ ಪಕ್ಕಪಕ್ಕ ಇಟ್ಟಿದ್ದಾರೆ ಅನ್ನಿಸುತ್ತದೆ. ಯಾವುದು ಯಾವ ಹೊತ್ತಿಗೆ ಅನ್ನುವುದು ನಮಗೆ ಬಿಟ್ಟದ್ದು. ನಾನು ನೋಡುವುದು ಸುತ್ತ ಯಾರಿದ್ದಾರೆ ಅಂತ. ಬರೀ ಮಜಾ ನೋಡುವವರಿದ್ದರೆ ನಕ್ಕು ಎದ್ದು ಹೋಗುತ್ತೇನೆ. ಗೇಲಿ ಮಾಡುವವರು ಹೇಳಿದ್ದನ್ನೇ ನಿಜ ಅಂದುಕೊಳ್ಳುವ ಹೊಸಬರು ಇದ್ದರೆ, ಎರಡು ವಾಕ್ಯದಲ್ಲಿ ಉತ್ತರ ಹೇಳಿ ನಿಲ್ಲಿಸುತ್ತೇನೆ. ಮೂರನೆಯ ವಾಕ್ಯದಿಂದ ನನಗೆ ಗೆಲ್ಲುವ ಆಸೆ ಶುರುವಾಗುತ್ತದೆ. ಮೇಲಿನಿಂದ ಬರುವ ಜ್ಞಾನ ಸಮಾಧಾನದ್ದು ಎಂದು ಯಾಕೋಬ 3:17ರಲ್ಲಿದೆ, ಗೆಲ್ಲುವ ಆಸೆಗೆ ಅಲ್ಲಿ ಜಾಗ ಇಲ್ಲ.

ಉತ್ತರ 5:
ಜಾಮೀನಿಗೆ ವಾಪಸ್ ಬಂದರೆ, ಸಲಹೆ ಕೇಳುವಾಗ ಆ ಸಾಲದಿಂದ ಲಾಭ ಇಲ್ಲದವರನ್ನು ಕೇಳಿ. ಪಾಸ್ಟರ್ ನಿಮ್ಮ ಜೊತೆ ಪ್ರಾರ್ಥನೆ ಮಾಡುತ್ತಾರೆ. ಆದರೆ ಫಾರಂನ ಸಣ್ಣ ಅಕ್ಷರ ಓದಿ ಹೇಳಲು ಲೆಕ್ಕಪತ್ರ ಗೊತ್ತಿರುವವರು ಸಭೆಯಲ್ಲಿ ಯಾರಾದರೂ ಇದ್ದರೆ, ಅವರ ಮನೆಗೂ ಒಂದು ಸಲ ಹೋಗಿ ಬನ್ನಿ.