ಮನೆ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ, ಏನು ಮಾಡಲಿ?

ದಾವಣಗೆರೆಯಿಂದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಡೆಸ್ಕ್‌ಟಾಪ್ ಕೆಲಸದ ನಡುವೆ ತಾನಾಗಿ ರೀಸ್ಟಾರ್ಟ್ ಆಗುತ್ತಿದೆ. ಒಮ್ಮೊಮ್ಮೆ ನೀಲಿ ಪರದೆ ಬರುತ್ತದೆ, ಓದುವಷ್ಟರಲ್ಲಿ ಹೋಗಿಬಿಡುತ್ತದೆ. ಒಮ್ಮೊಮ್ಮೆ ಅದೂ ಇಲ್ಲ. ವಿಂಡೋಸ್ 10, 8 ಜಿಬಿ ರ‍್ಯಾಮ್, ತೆಗೆದುಕೊಂಡು ಐದಾರು ವರ್ಷ ಆಯಿತು. ಒಂದು ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಬೇಕು ಅಂದರು, ಇನ್ನೊಂದರಲ್ಲಿ ಮದರ್‌ಬೋರ್ಡ್ ಹೋಗಿದೆ ಅಂದರು. ಮಗಳ ಪಿಯುಸಿ ನೋಟ್ಸ್, ಮನೆಯ ಫೋಟೊ ಎಲ್ಲ ಅದರಲ್ಲೇ ಇವೆ. ಇಂಥದ್ದನ್ನು ಕಂಡವರು ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ, ಕಾಲೇಜು ಲ್ಯಾಬ್ ನೋಡಿಕೊಳ್ಳುವವರು:

ಮೇಡಂ, ಫಾರ್ಮ್ಯಾಟ್‌ಗೆ ಈಗಲೇ ಒಪ್ಪಬೇಡಿ. ಕಾರಣ ಗೊತ್ತಾಗದೆ ಮದರ್‌ಬೋರ್ಡ್‌ಗಂತೂ ದುಡ್ಡು ಹಾಕಲೇಬೇಡಿ. ಮೊದಲು ನೋಟ್ಸ್, ಫೋಟೊ ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ. ಕಾಪಿ ಆಗುವಾಗಲೇ ಆಫ್ ಆದರೆ ಗಾಬರಿ ಬೇಡ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ ಸಾಮಾನ್ಯವಾಗಿ ಫೈಲ್‌ಗಳು ಸಿಗುತ್ತವೆ.

ಆಮೇಲೆ ಆ ನೀಲಿ ಪರದೆಯನ್ನು ನಿಲ್ಲಿಸಬೇಕು. ಎರರ್ ಬಂದ ಕೂಡಲೇ ತಾನೇ ರೀಸ್ಟಾರ್ಟ್ ಆಗುವಂತೆ ವಿಂಡೋಸ್‌ನಲ್ಲಿ ಮೊದಲೇ ಸೆಟ್ ಆಗಿರುತ್ತದೆ. 'ದಿಸ್ ಪಿಸಿ' ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ. ಅಲ್ಲಿಂದ ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಅದರೊಳಗೆ ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಮುಂದಿರುವ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಹಾಗೇ ನಿಂತಿರುತ್ತದೆ. ಕೆಳಗೆ 'ಸ್ಟಾಪ್ ಕೋಡ್' ಅಂತ ಇರುವುದನ್ನು ಫೋನ್‌ನಲ್ಲಿ ಫೋಟೊ ತೆಗೆದು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ.

'ಮೆಮೊರಿ ಮ್ಯಾನೇಜ್‌ಮೆಂಟ್' ಅಂತಿದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. 'ಕರ್ನಲ್ ಡೇಟಾ ಇನ್‌ಪೇಜ್ ಎರರ್' ಅಂತಿದ್ದರೆ ಡಿಸ್ಕ್ ಮತ್ತು ಅದರ ಕೇಬಲ್ ನೋಡಬೇಕು. ನಮ್ಮ ಲ್ಯಾಬ್‌ನಲ್ಲಿ ಬರೀ ಸಾಟಾ ಕೇಬಲ್ ಬದಲಿಸಿದ್ದಕ್ಕೇ ಇದು ನಿಂತದ್ದುಂಟು. 'ಡಬ್ಲ್ಯುಎಚ್‌ಇಎ ಅನ್‌ಕರೆಕ್ಟಬಲ್ ಎರರ್' ಬಂದರೆ ಹಾರ್ಡ್‌ವೇರ್ ಕಡೆಯದೇ ತೊಂದರೆ. ಬಿಸಿಯೋ ಕರೆಂಟೋ ಅಂತ ಹುಡುಕಬೇಕು. ಪ್ರತಿ ಸಲ ಬೇರೆ ಬೇರೆ ಕೋಡ್ ಬರುತ್ತಿದ್ದರೆ ನಾನು ರ‍್ಯಾಮ್‌ನಿಂದಲೇ ಶುರು ಮಾಡುತ್ತೇನೆ.

ರ‍್ಯಾಮ್ ನೋಡುವುದು ಕಷ್ಟದ ಕೆಲಸ ಅಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ವೈರ್ ಕಿತ್ತು, ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆಯಿರಿ. ಕಬ್ಬಿಣದ ಭಾಗವನ್ನು ಒಮ್ಮೆ ಮುಟ್ಟಿ, ಕೈಯಲ್ಲಿರುವ ಸ್ಟ್ಯಾಟಿಕ್ ಹೋಗಲಿ. ರ‍್ಯಾಮ್ ಪಟ್ಟಿಯ ತುದಿಯ ಲಾಕ್ ಒತ್ತಿದರೆ ಅದು ಮೇಲೆ ಬರುತ್ತದೆ. ಕೆಳ ಅಂಚಿನಲ್ಲಿ ಬಂಗಾರದ ಬಣ್ಣದ ಸಾಲು ಇದೆ ಅಲ್ವಾ, ಅದು ಮಂಕಾಗಿದ್ದರೆ ಮಕ್ಕಳು ಪೆನ್ಸಿಲ್ ಅಳಿಸುವ ಬಿಳಿ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ. ಪುಡಿ ಉಳಿಯದಂತೆ ಒರೆಸಿ, 'ಟಕ್' ಅನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ರ‍್ಯಾಮ್ ಪರೀಕ್ಷಿಸುವ 'ಮೆಮ್‌ಟೆಸ್ಟ್86 ಪ್ಲಸ್' ಅನ್ನು ಪೆನ್‌ಡ್ರೈವ್‌ಗೆ ಹಾಕಿ, ವಿಂಡೋಸ್ ಬದಲು ಅದರಿಂದಲೇ ಕಂಪ್ಯೂಟರ್ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡಿ. ಇದು ಉಚಿತ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಅದನ್ನು ಸುಮ್ನೆ ಬಿಡುವ ಹಾಗಿಲ್ಲ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದು ಅಂತ ಗೊತ್ತಾಗುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಬರುವ ಸೆಟ್ಟಿಂಗ್ಸ್ ಪರದೆ) ಎಕ್ಸ್‌ಎಂಪಿ, ಅಂದರೆ ರ‍್ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್, ಆನ್ ಆಗಿದ್ದರೆ ಅದನ್ನು ಆಫ್ ಮಾಡಿಯೇ ಈ ಪರೀಕ್ಷೆ ಮಾಡಿ.

ಇನ್ನೊಂದು ಮಾತು. ವಿಂಡೋಸ್ ತನ್ನ ಎರರ್‌ಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ 'ಕರ್ನಲ್ ಪವರ್ 41' ಅಂತ ತೋರಿಸಿ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಿ ಅನ್ನುವವರಿದ್ದಾರೆ. ನಂಬಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವುದಷ್ಟೇ ಅದರ ಅರ್ಥ. ನೀವೇ ವೈರ್ ಕಿತ್ತರೂ 41 ಬರುತ್ತದೆ. ಅದೇ ಹೊತ್ತಿಗೆ 'ಬಗ್‌ಚೆಕ್ 1001' ಕೂಡ ಇದೆಯಾ ನೋಡಿ. ಅದಿದ್ದರೆ ಸ್ಟಾಪ್ ಕೋಡ್ ಅಲ್ಲೇ ಸಿಗುತ್ತದೆ. ಬರೀ 41 ಇದ್ದು, ಕೋಡ್ ಎಲ್ಲೂ ಇಲ್ಲದಿದ್ದರೆ ಹೆಚ್ಚಾಗಿ ಕರೆಂಟ್ ಕಡೆಯ ಅಥವಾ ಬಿಸಿಯ ತೊಂದರೆ ಇರುತ್ತದೆ.

ಕಲಬುರಗಿಯಿಂದ:

ಮೇಲಿನ ಸರ್ ಬಿಸಿ ಅಂದರಲ್ಲ, ನಮ್ಮದು ಅದೇ ಕಥೆ ರೀ. ಬೇಸಿಗೆ ಮಧ್ಯಾಹ್ನ ಮಾತ್ರ ಆಫ್ ಆಗುತ್ತಿತ್ತು, ರಾತ್ರಿ ಆರಾಮ ಇರುತ್ತಿತ್ತು. ಪ್ರೊಸೆಸರ್ ಮೇಲಿನ ಫ್ಯಾನ್ ಬಿಚ್ಚಿದರೆ, ಕೆಳಗಿನ ಅಲ್ಯೂಮಿನಿಯಂ ಸಂದಿಗಳ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಫ್ಯಾನ್ ಏನೋ ತಿರುಗುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಕೆಡುತ್ತದೆ. ಪ್ರೊಸೆಸರ್ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೆ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ. ಅದನ್ನು ಒರೆಸಿ ಹೊಸದನ್ನು ಸ್ವಲ್ಪವೇ ಹಚ್ಚಿ. ಜಾಸ್ತಿ ಹಚ್ಚಿದರೆ ಜಾಸ್ತಿ ತಂಪು ಅಂತೇನಿಲ್ಲ. 'ಎಚ್‌ಡಬ್ಲ್ಯು ಮಾನಿಟರ್' ಹಾಕಿಕೊಂಡರೆ ಬಿಸಿ ಎಷ್ಟಿದೆ ಅಂತ ಕಾಣುತ್ತದೆ. ಸುಮ್ಮನೆ ಇದ್ದಾಗಲೇ 80 ಡಿಗ್ರಿ ತೋರಿಸಿದರೆ ಕೂಲರ್ ಸರಿ ಕೂತಿಲ್ಲ ಅಂತಲೇ ತಿಳಿಯಿರಿ.

ತುಮಕೂರು ಹತ್ತಿರದ ಹಳ್ಳಿಯಿಂದ:

ಅಕ್ಕ, ಆಫ್ ಆಗುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಡಿ. ಆಗ ಮನೆಯಲ್ಲಿ ಇನ್ನೇನು ಓಡುತ್ತಿತ್ತು ಅನ್ನುವುದನ್ನೂ ಬರೆಯಿರಿ. ನಮ್ಮಲ್ಲಿ ಮೋಟಾರ್ ಹಾಕಿದ ಕೂಡಲೇ ಲೈಟ್ ಮಂಕಾಗಿ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತಿತ್ತು. ಯುಪಿಎಸ್ ಇತ್ತು, ಆದರೆ ಅದರ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಬದಲಿಸಿದ ಮೇಲೆ ನಿಂತಿತು. ನಿಮ್ಮಲ್ಲಿ ಯುಪಿಎಸ್ ಇದ್ದರೆ, ಕಂಪ್ಯೂಟರ್ ಬದಲು ಒಂದು ಬಲ್ಬ್ ಸಿಕ್ಕಿಸಿ ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬ್ ಕೂಡಲೇ ಆರಿದರೆ ಬ್ಯಾಟರಿ ಹೋಗಿದೆ.

ಎಲೆಕ್ಟ್ರಿಷಿಯನ್ ಬಂದಾಗ ಅರ್ಥಿಂಗ್ ಕೂಡ ನೋಡಿಸಿ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಕನ್ವರ್ಟರ್ ಹಾಕಿ ನಡೆಸುವುದು ಬೇಡವೇ ಬೇಡ. ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತಿದ್ದರೆ ಇವತ್ತೇ ಕರೆಸಿ. ಎಸ್‌ಎಂಪಿಎಸ್ ಮೇಲೆ ಅನುಮಾನ ಬಂದರೆ ಅಂಗಡಿಯಲ್ಲಿ ಲೋಡ್ ಕೊಟ್ಟು ಅಳೆಯಲು ಹೇಳಿ. 12 ವೋಲ್ಟ್ ಲೈನ್ 11.4ರಿಂದ 12.6ರ ಒಳಗೆ ಇರಬೇಕು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಹೊಡೆಯುತ್ತದೆ.

ಬೆಂಗಳೂರಿನಿಂದ:

ಎಲ್ಲರೂ ಹಾರ್ಡ್‌ವೇರ್ ಹೇಳಿದ್ದಾರೆ, ನಾನು ಡ್ರೈವರ್ (ಪ್ರಿಂಟರ್‌ನಂಥ ಸಾಧನಗಳನ್ನು ವಿಂಡೋಸ್‌ನಲ್ಲಿ ನಡೆಸುವ ಸಾಫ್ಟ್‌ವೇರ್) ಬಗ್ಗೆ ಹೇಳುತ್ತೇನೆ. ತೊಂದರೆ ಶುರುವಾಗುವ ಮುಂಚೆ ಹೊಸ ಪ್ರಿಂಟರ್, ವೈಫೈ ಡಾಂಗಲ್, ಆಂಟಿವೈರಸ್ ಏನಾದರೂ ಹಾಕಿದ್ದಿರಾ? ವಿಂಡೋಸ್‌ನ ಒಳಪದರದಲ್ಲಿ ಓಡುವ ಒಂದು ಸಾಫ್ಟ್‌ವೇರ್ ಎಡವಿದರೂ ಸಾಕು, ಇಡೀ ಕಂಪ್ಯೂಟರ್ ಬೀಳುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿಯ ಸೆಕ್ಯುರಿಟಿ ಸಾಫ್ಟ್‌ವೇರ್‌ನ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿದ್ದು ಹೀಗೇ. ಅವುಗಳ ಹಾರ್ಡ್‌ವೇರ್‌ಗೆ ಏನೂ ಆಗಿರಲಿಲ್ಲ. ಅಗತ್ಯವಾದ ಡ್ರೈವರ್‌ಗಳಷ್ಟೇ ಓಡುವ ಸೇಫ್ ಮೋಡ್‌ನಲ್ಲಿ ಒಂದೆರಡು ಗಂಟೆ ನಡೆಸಿ ನೋಡಿ. ಅಲ್ಲಿ ಸರಿಯಿದ್ದರೆ ಹೊಸದಾಗಿ ಹಾಕಿದ್ದನ್ನು ತೆಗೆಯಿರಿ. ಡಿಸ್ಕ್‌ನ ಆರೋಗ್ಯ ತೋರಿಸುವ 'ಕ್ರಿಸ್ಟಲ್ ಡಿಸ್ಕ್ ಇನ್ಫೊ'ದಲ್ಲಿ ಹಾರ್ಡ್‌ಡಿಸ್ಕ್ 'ಕಾಶನ್' ಅಂತ ಹಳದಿ ತೋರಿಸಿದರೆ ಮಾತ್ರ ತಡ ಮಾಡದೆ ಡಿಸ್ಕ್ ಬದಲಿಸಿ.

ಕ್ಯಾಬಿನೆಟ್‌ನ ರೀಸೆಟ್ ಬಟನ್ ಒಳಗೇ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಮದರ್‌ಬೋರ್ಡ್‌ನಿಂದ ಅದರ ಎರಡು ಎಳೆಯ ಸಣ್ಣ ವೈರ್ ಕಿತ್ತು ಒಂದೆರಡು ದಿನ ನೋಡಿ, ಖರ್ಚೇನೂ ಇಲ್ಲ. ಕೊನೆಗೆ ಫಾರ್ಮ್ಯಾಟ್ ಮಾಡಲೇಬೇಕಾದರೆ ವಿಂಡೋಸ್ 11 ಹಾಕಲು ಬರುತ್ತದಾ ಕೇಳಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಏನೇ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದೆರಡು ದಿನ ನಡೆಸಿ ನೋಡಿ. ಸ್ಟಾಪ್ ಕೋಡ್ ಸಿಕ್ಕ ಕೂಡಲೇ ಇಲ್ಲಿ ಹಾಕಿ ಮೇಡಂ, ನೋಡಿ ಹೇಳುತ್ತೇವೆ.