ಚೀನಾ ಮನೆಯ 'ಜಿಯೆನ್'ಗೆ ಅಂಕಣ ಅನ್ಬಹುದಾ?

ಎಲ್ರಿಗೂ ನಮಸ್ಕಾರ. ಚೀನಾದ ಹಳೇ ಸಾಹುಕಾರರ ಮನೆಗಳ ಬಗ್ಗೆ ಒಂದು ಬರಹ ಕನ್ನಡಕ್ಕೆ ತರ್ತಾ ಇದೀನಿ, ಕೆಲವು ಪದ ಕಾಡ್ತಾ ಇವೆ, ಅದ್ರಲ್ಲೂ 'ಜಿಯೆನ್' ಅನ್ನೋದು ವಿಪರೀತ.

ಶಾನ್ಶಿ ಪ್ರಾಂತ್ಯದಲ್ಲಿ ಚ್ಯಾವ್ ಅನ್ನೋ ವ್ಯಾಪಾರಿ ಮನೆತನದ ದೊಡ್ಡ ಮನೆ ಇದೆ, 18ನೇ ಶತಮಾನದಲ್ಲಿ ಕಟ್ಟೋಕೆ ಶುರು ಮಾಡಿದ್ದು. 6 ದೊಡ್ಡ ಅಂಗಳ, 20 ಚಿಕ್ಕ ಅಂಗಳ, 313 ಕೋಣೆ ಅಂತ ಎಲ್ಲಾ ಕಡೆ ಬರೀತಾರೆ. ಈ 'ಕೋಣೆ'ನೇ ನನ್ನ ತಕರಾರು. ಅವರು ಎಣಿಸೋದು ಜಿಯೆನ್, ಅಂದ್ರೆ ಎರಡು ಕಂಬದ ಸಾಲಿನ ನಡುವಿನ ಜಾಗ, ಮುಂದಿನ ಗೋಡೆಯಿಂದ ಹಿಂದಿನ ಗೋಡೆವರೆಗೂ, ಮಧ್ಯ ಅಡ್ಡಗೋಡೆ ಇರ್ಲಿ ಬಿಡ್ಲಿ. ಮೂರು ಜಿಯೆನ್ ಸೇರಿ ಒಂದೇ ಹಜಾರ ಆಗಿರ್ಬಹುದು. ಬೀಜಿಂಗ್ ಅರಮನೆಗೆ 9,999 ಮತ್ತೆ ಅರ್ಧ ಕೋಣೆ ಅಂತ ಒಂದು ದಂತಕಥೆ ಇದೆಯಲ್ಲ, ಅರ್ಧ ಕೋಣೆ ಅಂದ್ರೆ ಏನ್ ಸ್ವಾಮಿ? ಕಂಬದ ಲೆಕ್ಕ ಅಂದ್ಕೊಂಡ್ರೆ ತಕ್ಷಣ ಅರ್ಥ ಆಗುತ್ತೆ, ಅಲ್ಲೊಂದು ಇಕ್ಕಟ್ಟಾದ ಅರ್ಧ ಜಿಯೆನ್ ಅಷ್ಟೇ. ಮಿಂಗ್ ರಾಜವಂಶದ ಕಾಲದ ಕಾಯ್ದೆನೂ ಹಿಂಗೇ, ಸಾಮಾನ್ಯ ಜನ ಒಂದು ಕಟ್ಟಡಕ್ಕೆ ಮೂರು ಜಿಯೆನ್ ದಾಟಿಸೋ ಹಾಗಿರ್ಲಿಲ್ಲ. ಬೀಜಿಂಗ್ ಮನೆಗಳಲ್ಲಿ ನೋಡಿ, ಮುಖ್ಯ ಮನೆ ಮೂರೇ ಜಿಯೆನ್, ಆಚೆ ಈಚೆ ತಗ್ಗಿನ ಮಾಡಿನ ಪುಟ್ಟ ಮನೆ ಅಂಟಿಸಿರ್ತಾರೆ, ಅದಕ್ಕೆ 'ಕಿವಿ ಮನೆ' ಅಂತ ಹೆಸರು. ಕಾಯ್ದೆಯಿಂದ ನುಣುಚಿಕೊಳ್ಳೋದ್ರಲ್ಲಿ ದುಡ್ಡಿದ್ದೋರು ಎಲ್ಲಿದ್ರೂ ಒಂದೇ.

ನಮ್ಮಲ್ಲೂ ಹಳೇ ಮನೆಯ ಕಂಬಗಳ ನಡುವಿನ ಜಾಗಕ್ಕೆ ಅಂಕಣ ಅಂತಾರೆ, ಏಳಂಕಣದ ಮನೆ, ಹನ್ನೆರಡಂಕಣದ ಮನೆ ಅಂತಾನೇ ಅಲ್ವಾ ಹೇಳ್ತಿದ್ದಿದ್ದು. ಹಂಗಾಗಿ ಜಿಯೆನ್‌ಗೆ ಅಂಕಣನೇ ಸರಿ ಅಂತ ನನ್ನ ವಾದ. ಆದ್ರೆ ಈಗಿನ ಓದುಗರಿಗೆ ಅಂಕಣ ಅಂದ್ರೆ ಪೇಪರ್‌ನಲ್ಲಿ ಬರೋದು, '313 ಅಂಕಣದ ಮನೆ' ಅಂದ್ರೆ ಯಾರೋ ಪತ್ರಕರ್ತನ ಮನೆ ಅಂದ್ಕೊಂಡಾರು. 'ಕಂಬದಂಕಣ' ಅಂತ ಒಂದ್ಸಲ ಹೇಳಿ ಆಮೇಲೆ ಬರೀ ಅಂಕಣ ಅಂದ್ರೆ ನಡೆಯುತ್ತಾ?

ಎರಡನೇದು ತೊಟ್ಟಿ. ಬೀಜಿಂಗ್ ಮನೇಗೆ 'ತೊಟ್ಟಿ ಮನೆ' ಅಂತ ಬರೆಯೋದು ನಂಗೆ ಒಪ್ಪಿಗೆ ಇಲ್ಲ. ಅಲ್ಲಿ ನಾಲ್ಕು ದಿಕ್ಕಿಗೂ ಬೇರೆ ಬೇರೆ ಕಟ್ಟಡ, ನಡುವೆ ಗಿಡಮರ ಬೆಳೆಯೋ ಅಷ್ಟು ಅಗಲದ ಅಂಗಳ. ಗಲ್ಲಿಯ ಉತ್ತರ ಮಗ್ಗುಲಿನ ಮನೆ ಆದ್ರೆ ತಲೆಬಾಗಿಲು ಆಗ್ನೇಯ ಮೂಲೇಲಿ, ಒಳಗೆ ಕಾಲಿಟ್ರೆ ಎದುರಿಗೆ ಒಂದು ಮರೆಗೋಡೆ, ಎಡಕ್ಕೆ ತಿರುಗಿದ್ರೆ ಕಿರಿದಾದ ಹೊರ ಅಂಗಳ, ಅದರ ದಕ್ಷಿಣಕ್ಕೆ ಗಲ್ಲಿಗೆ ಬೆನ್ನು ಹಾಕಿದ ಸಾಲು, ಅಲ್ಲಿ ಆಳುಗಳು ಮತ್ತೆ ಬಂದುಹೋಗೋರು. ಆಮೇಲೆ ಎರಡನೇ ಬಾಗಿಲು, ಅದರ ಮಾಡಿನಿಂದ ಎರಡು ಗಿಡ್ಡ ಕಂಬ ನೆಲ ಮುಟ್ಟದೆ ನೇತಾಡ್ತಿರ್ತವೆ, ತುದೀಲಿ ತಾವರೆ ಮೊಗ್ಗಿನ ಥರ ಕೆತ್ತನೆ. ಮನೆ ಹೆಣ್ಮಕ್ಕಳು ಆ ಬಾಗಿಲು ದಾಟಬಾರ್ದು ಅಂತ ಆಗ ಕಟ್ಟುಪಾಡಿತ್ತು. ಒಳಗೆ ಉತ್ತರದ ಮನೆ ಹಿರಿಯರಿಗೆ, ಪೂರ್ವದ್ದು ದೊಡ್ಡ ಮಗನಿಗೆ, ಪಶ್ಚಿಮದ್ದು ಚಿಕ್ಕವನಿಗೆ, ಎಲ್ಲಕ್ಕೂ ಹಿಂದಿನ ಸಾಲು ಮದ್ವೆ ಆಗದ ಹೆಣ್ಮಕ್ಕಳಿಗೆ. ಇದನ್ನೆಲ್ಲ ಕೂಡಿಸೋ ಮಾಡು ಹಾಕಿದ ಓಣಿಗೆ ಕೈಸಾಲೆ ಅಂತ ಇಟ್ಟಿದೀನಿ.

ನಿಜವಾದ ತೊಟ್ಟಿ ಇರೋದು ದಕ್ಷಿಣದ ಹ್ವೇಚೌ ಕಡೆ. ಅಲ್ಲಿ ಮಾಡುಗಳು ಒಂದಕ್ಕೊಂದು ಕೂಡಿಕೊಂಡು ನಡುವೆ ಸಣ್ಣ ಆಕಾಶ ಬಿಟ್ಟಿರ್ತವೆ, ನಾಲ್ಕೂ ಕಡೆ ಮಳೆನೀರು ಒಳಗೇ ಬೀಳ್ಬೇಕು, ಸಂಪತ್ತು ಮನೆ ಬಿಟ್ಟು ಹೋಗ್ಬಾರ್ದು ಅಂತ ಅವರ ನಂಬಿಕೆ. ಇದಕ್ಕೆ ತೊಟ್ಟಿ, ಬೀಜಿಂಗಿಂದಕ್ಕೆ ಅಂಗಳ, ಹಿಂಗೆ ಬೇರೆ ಮಾಡಿದ್ರೆ ಯಾರ್ದಾದ್ರೂ ತಕರಾರು ಇದೆಯಾ?

ಇನ್ನೊಂದು, ಹಳ್ಳಿ ಮನೆ ಇರೋರು ದಯವಿಟ್ಟು ಹೇಳಿ: ನಿಮ್ಮ ಕಡೆ ಅಂಕಣ ಎಣಿಸೋವಾಗ ಮುಂಭಾಗದ ಸಾಲು ಮಾತ್ರ ಎಣಿಸ್ತಾರಾ, ಇಲ್ಲಾ ನಾಲ್ಕು ಕಂಬದ ಚೌಕ ಒಂದೊಂದೂ ಲೆಕ್ಕಕ್ಕೆ ಬರುತ್ತಾ? ಎರಡನೇದು ಆದ್ರೆ ನನ್ನ 313 ಹೊಂದೋದಿಲ್ಲ.